ಎಕ್ಸಿಮಾ ಯಾವ ಥರದ್ದು ಅಂತ ಗುರುತಿಸೋದು ಹೇಗೆ, ಯಾವುದಕ್ಕೆ ಏನ್ ಹಚ್ಬೇಕು

ಮೈ ಮೇಲೆ ಎಲ್ಲೋ ಒಂದು ಕಡೆ ಕೆರೆತ ಶುರುವಾಗತ್ತೆ, ಚರ್ಮ ಒರಟಾಗತ್ತೆ, ಮೆಡಿಕಲ್ ಶಾಪ್‌ಗೆ ಹೋಗಿ ಎಕ್ಸಿಮಾಗೆ ಒಂದು ಕ್ರೀಮ್ ಕೊಡಿ ಅಂದ್ರೆ ಕೈಗೆ ಸಿಕ್ಕಿದ ಟ್ಯೂಬ್ ಕೊಡ್ತಾರೆ, ನಾಲ್ಕು ದಿನ ಹಚ್ಚಿದ್ರೆ ಹೋಗತ್ತೆ, ಬಿಟ್ಟ ವಾರಕ್ಕೆ ಮತ್ತೆ ಹಾಜರ್. ಕ್ರೀಮ್ ಕೆಟ್ಟದ್ದು ಅಂತಲ್ಲ. ಎಕ್ಸಿಮಾ ಅಥವಾ ಇಸುಬು ಅನ್ನೋದು ಒಂದೇ ಕಾಯಿಲೆ ಅಲ್ಲ, ಏಳೆಂಟು ಬೇರೆ ಬೇರೆ ತೊಂದರೆಗಳಿಗೆ ಇರೋ ಒಟ್ಟು ಹೆಸರು, ಒಂದಕ್ಕೆ ಕಾರಣ ಹುಟ್ಟಿನಿಂದ ಬಂದ ಚರ್ಮ, ಇನ್ನೊಂದಕ್ಕೆ ಕಾರಣ ನೀವು ದಿನಾ ಕಟ್ಟೋ ವಾಚು, ಮತ್ತೊಂದಕ್ಕೆ ಕಾಲಿನ ರಕ್ತನಾಳ. ಮೂರಕ್ಕೂ ಅದೇ ಟ್ಯೂಬ್ ಹಚ್ತಾ ಹೋದ್ರೆ ಕೆರೆತ ಅಡಗತ್ತೆ, ಕಾರಣ ಅಲ್ಲೇ ಕೂತಿರತ್ತೆ.

ಹಾಗಾಗಿ ಮೊದಲು ಮಾಡ್ಬೇಕಾದ್ದು ಗಾಯ ನೋಡೋದಲ್ಲ, ಅದು ಎಲ್ಲೆಲ್ಲಿದೆ ಅಂತ ನೋಡೋದು. ಕೆರೆಯೋ ಜಾಗ ಒಂದೇ ನೋಡಿ ಬಿಡ್ಬೇಡಿ, ಬಟ್ಟೆ ತೆಗೆದು ಒಳ್ಳೆ ಬೆಳಕಲ್ಲಿ ತಲೆಯಿಂದ ಪಾದದವರೆಗೆ ನೋಡ್ಕೊಳ್ಳಿ. ಮೊಣಕೈ ಮಡಚೋ ಕಡೆ ಇದೆಯಾ ಅಥವಾ ಹೊರಗಿನ ಮೂಳೆ ಕಡೆ ಇದೆಯಾ, ಎರಡೂ ಪಕ್ಕ ಇದೆಯಾ ಒಂದೇ ಪಕ್ಕನಾ, ಬೆರಳ ಸಂದಿ, ಕಿವಿ ಹಿಂದೆ, ಹೊಕ್ಕುಳ ಕೆಳಗೆ, ಕಾಲ್ಬೆರಳ ಸಂದಿ ಎಲ್ಲಾ. ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೋ ತೆಗೆದಿಟ್ಕೊಳ್ಳಿ, ಯಾಕಂದ್ರೆ ಡಾಕ್ಟರ್ ಹತ್ರ ಹೋಗೋ ದಿನ ಅದು ಮಾಯ ಆಗಿರೋ ಸಾಧ್ಯತೆ ಜಾಸ್ತಿ. ಇನ್ನೊಂದು ಮಾತು, ಫೋಟೋ ಹಾಕಿ ಹುಡುಕಿದ್ರೆ ಸಿಗೋ ಚಿತ್ರಗಳಲ್ಲಿ ಬಹಳಷ್ಟು ಬಿಳಿ ಚರ್ಮದ್ದು, ಅದರಲ್ಲಿ ಎಕ್ಸಿಮಾ ಅಂದ್ರೆ ಕೆಂಪು. ಕಂದು, ಕಪ್ಪು ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣೋದೇ ಇಲ್ಲ, ಗಾಢ ಕಂದು, ನೇರಳೆ ಅಥವಾ ಬೂದಿ ಬಣ್ಣಕ್ಕೆ ತಿರುಗಿರತ್ತೆ, ಕೆಲವು ಸಲ ಕೂದಲ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ ಥರ ಏಳತ್ತೆ ಅಷ್ಟೇ. ಕಣ್ಣಿಗಿಂತ ಬೆರಳನ್ನ ನಂಬಿ, ಸವರಿ ನೋಡಿದ್ರೆ ಒರಟು, ದಪ್ಪ, ಬಿಸಿ ಎಲ್ಲಾ ಗೊತ್ತಾಗತ್ತೆ. ವಾಸಿಯಾದ ಮೇಲೆ ಉಳಿಯೋ ಕಪ್ಪು ಅಥವಾ ಬಿಳಿ ಕಲೆ ನೋಡಿ ಇನ್ನೂ ಹೋಗಿಲ್ಲ ಅಂತ ಔಷಧಿ ಹಚ್ತಾ ಇರ್ಬೇಡಿ, ಅದು ಬರೀ ಬಣ್ಣ, ತಿಂಗಳುಗಟ್ಟಲೆ ತಗೊಂಡು ತಾನಾಗೇ ಹೋಗತ್ತೆ.

ಈಗ ಒಂದೊಂದೇ ನೋಡೋಣ. ಎಲ್ಲಕ್ಕಿಂತ ಸಾಮಾನ್ಯ ಆದ್ದು ಅಟೋಪಿಕ್ ಡರ್ಮಟೈಟಿಸ್, ಸುಮ್ನೆ ಎಕ್ಸಿಮಾ ಅಂದ್ರೆ ಜನ ಹೇಳೋದು ಇದನ್ನೇ. ಹೆಚ್ಚಾಗಿ ಐದು ವರ್ಷದೊಳಗೆ ಶುರು. ಕೂಸುಗಳಲ್ಲಿ ಕೆನ್ನೆ, ತಲೆ, ಕೈಕಾಲಿನ ಹೊರಭಾಗದಲ್ಲಿ ಬರತ್ತೆ, ಡೈಪರ್ ಒಳಗಿನ ಜಾಗ ಮಾತ್ರ ಸಾಮಾನ್ಯವಾಗಿ ಚೆನ್ನಾಗಿರತ್ತೆ, ಇದು ಒಳ್ಳೆ ಗುರುತು. ಮಗು ದೊಡ್ಡದಾದಂಗೆ ಅದು ಮೊಣಕೈ ಮಡಿಕೆ, ಮೊಣಕಾಲ ಹಿಂದಿನ ಮಡಿಕೆ, ಮಣಿಕಟ್ಟು, ಕತ್ತಿಗೆ ಬರತ್ತೆ. ದೊಡ್ಡವರಲ್ಲಿ ಕೈ, ಕಣ್ಣರೆಪ್ಪೆ, ಕತ್ತು. ಮನೆಯಲ್ಲಿ ಯಾರಿಗಾದ್ರೂ ಆಸ್ತಮಾ, ಪದೇ ಪದೇ ಸೀನೋ ಅಲರ್ಜಿ ಇದ್ರೆ ಅನುಮಾನ ಗಟ್ಟಿ ಆಗತ್ತೆ. ಒಳಗೆ ಆಗ್ತಿರೋದು ಏನಂದ್ರೆ ಚರ್ಮದ ಮೇಲ್ಪದರ ನೀರನ್ನ ಹಿಡಿದಿಟ್ಕೊಳ್ಳಲ್ಲ, ಹೊರಗಿನ ಕಸ, ಸೋಪು, ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ನುಗ್ಗತ್ತೆ. 2006ರಲ್ಲಿ ಫಿಲ್ಯಾಗ್ರಿನ್ ಅನ್ನೋ ಪ್ರೋಟೀನಿನ ಜೀನ್‌ನಲ್ಲಿರೋ ದೋಷಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಾಯ್ತು, ಅಂಗೈ ಗೆರೆಗಳು ಮಾಮೂಲಿಗಿಂತ ಜಾಸ್ತಿ, ಆಳವಾಗಿರೋ ಜನರಲ್ಲಿ ಈ ದೋಷ ಹೆಚ್ಚಾಗಿ ಕಾಣತ್ತೆ. ಅಂದ್ರೆ ಇದು ರಕ್ತ ಕೆಟ್ಟಿದ್ದಕ್ಕೆ ಬಂದಿದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ಮಗೂನ ಬೇರೆ ಮಕ್ಕಳ ಜೊತೆ ಬಿಡದೆ ಇರೋರು ದಯವಿಟ್ಟು ಇದನ್ನ ಎರಡು ಸಲ ಓದಿ.

ಎರಡನೇದು ಕಾಂಟಾಕ್ಟ್ ಡರ್ಮಟೈಟಿಸ್, ಏನಾದ್ರೂ ತಾಗಿ ಬರೋದು. ನನ್ನ ಪ್ರಕಾರ ಜನ ಅತಿ ಹೆಚ್ಚು ಗಮನಿಸದೇ ಬಿಡೋದು ಇದನ್ನೇ, ಆದ್ರೆ ಪೂರ್ತಿ ವಾಸಿ ಮಾಡ್ಕೊಳ್ಳೋ ಚಾನ್ಸ್ ಇರೋದೂ ಇದನ್ನೇ. ಇದರಲ್ಲೂ ಎರಡಿದೆ. ಒಂದು ಇರಿಟೆಂಟ್, ಅಂದ್ರೆ ಸೋಪು, ಡಿಟರ್ಜೆಂಟ್, ಪದೇ ಪದೇ ನೀರು, ಸಿಮೆಂಟು, ಇವು ಯಾರ ಚರ್ಮಾನಾದ್ರೂ ಸವೆಸತ್ತೆ, ಅಲರ್ಜಿ ಬೇಕಿಲ್ಲ. ಪಾತ್ರೆ ತೊಳೆಯೋರು, ಪಾರ್ಲರ್‌ನಲ್ಲಿ ಕೆಲಸ ಮಾಡೋರು, ನರ್ಸ್‌ಗಳು, ಇವರ ಬೆರಳ ಸಂದಿಯಲ್ಲಿ, ಉಂಗುರದ ಕೆಳಗೆ ಶುರುವಾಗತ್ತೆ, ಯಾಕಂದ್ರೆ ಸೋಪಿನ ನೀರು ನಿಲ್ಲೋದು ಅಲ್ಲೇ. ಇನ್ನೊಂದು ಅಲರ್ಜಿಕ್. ಇದರ ಚಾಳಿ ಏನಂದ್ರೆ ತಾಗಿದ ತಕ್ಷಣ ಏನೂ ಆಗಲ್ಲ, ಒಂದರಿಂದ ಮೂರು ದಿನ ಬಿಟ್ಟು ಏಳತ್ತೆ, ಅಷ್ಟರಲ್ಲಿ ನಿಮಗೆ ಏನು ಮುಟ್ಟಿದ್ದೆ ಅನ್ನೋದೇ ಮರೆತು ಹೋಗಿರತ್ತೆ, ನಿನ್ನೆ ತಿಂದಿದ್ದನ್ನ ಬೈತಾ ಕೂತಿರ್ತೀರ. ವರ್ಷಗಟ್ಟಲೆ ಬಳಸಿದ ವಸ್ತು ಅನ್ನೋದು ಅದನ್ನ ಅನುಮಾನದಿಂದ ಹೊರಗೆ ಬಿಡೋಕೆ ಕಾರಣ ಅಲ್ಲ, ಹತ್ತು ವರ್ಷ ಹಚ್ಚಿದ ಹೇರ್ ಡೈಗೂ ಇದ್ದಕ್ಕಿದ್ದಂಗೆ ಅಲರ್ಜಿ ಬರಬಹುದು.

ಇಲ್ಲಿ ಜಾಗವೇ ಕಳ್ಳನ್ನ ಹಿಡಿದು ಕೊಡತ್ತೆ. ಹೊಕ್ಕುಳ ಕೆಳಗೆ ಒಂದು ರೂಪಾಯಿ ಅಗಲ ಒರಟು ಚರ್ಮ ಇದ್ರೆ ಪ್ಯಾಂಟಿನ ಗುಂಡಿ ಅಥವಾ ಬೆಲ್ಟಿನ ಬಕಲ್, ಅದರಲ್ಲಿರೋ ನಿಕ್ಕೆಲ್. ಕಿವಿ ಹಾಲೆಗೆ ಬಂದ್ರೆ ಓಲೆ, ಮಣಿಕಟ್ಟಿಗೆ ಬಂದ್ರೆ ವಾಚ್. ಹಣೆ ಅಂಚು, ಕಿವಿ ಮೇಲೆ, ಕತ್ತು, ಜೊತೆಗೆ ಕಣ್ಣು ಊದಿಕೊಂಡ್ರೆ ಹೇರ್ ಡೈ, ಅದರಲ್ಲಿ ಪಿಪಿಡಿ ಅನ್ನೋ ಕೆಮಿಕಲ್. ಪಾದದ ಮೇಲ್ಭಾಗದಲ್ಲಿ ಚಪ್ಪಲಿ ಪಟ್ಟಿ ಆಕಾರಕ್ಕೇ ಬಂದ್ರೆ ರಬ್ಬರ್ ಅಥವಾ ಚರ್ಮ ಹದ ಮಾಡೋ ಕ್ರೋಮಿಯಂ. ಬರೀ ಕಣ್ಣರೆಪ್ಪೆಗೆ ಬಂದ್ರೆ ಐ ಮೇಕಪ್ ಒಂದನ್ನೇ ನೋಡ್ಬೇಡಿ, ಉಗುರಿಗೆ ಹಚ್ಚಿದ ನೇಲ್ ಪಾಲಿಶ್ ಬೆರಳಿಗೆ ಏನೂ ಮಾಡದೆ ಕಣ್ಣುಜ್ಜಿದಾಗ ರೆಪ್ಪೆಗೆ ಕೂತಿರತ್ತೆ. ಗೊತ್ತಾಗ್ದೇ ಹೋದ್ರೆ ಪ್ಯಾಚ್ ಟೆಸ್ಟ್ ಇದೆ: ಬೆನ್ನ ಮೇಲೆ ಸಾಲಾಗಿ, ಅಲರ್ಜಿ ತರೋ ವಸ್ತುಗಳಿರೋ ಚಿಕ್ಕ ಚಿಕ್ಕ ಪಟ್ಟಿ ಅಂಟಿಸ್ತಾರೆ, 48 ಗಂಟೆ ಬಿಟ್ಟು ತೆಗೀತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಂದ್ಸಲ ನೋಡ್ತಾರೆ, ಅಷ್ಟು ದಿನ ಬೆನ್ನಿಗೆ ನೀರು ತಾಗಿಸೋ ಹಾಗಿಲ್ಲ. ಎರಡನೇ ಸಲ ತೋರಿಸೋಕೆ ಹೋಗದೆ ತಪ್ಪಿಸ್ಕೊಳ್ಬೇಡಿ, ಕೆಲವು ಅಲರ್ಜಿ ಆಗಲೇ ಕಾಣೋದು. ರಕ್ತ ಕೊಟ್ಟು ಮಾಡ್ಸೋ ದೊಡ್ಡ ಅಲರ್ಜಿ ಪ್ಯಾನೆಲ್‌ಗಳು ಈ ಥರದ ಅಲರ್ಜಿಯನ್ನ ಹಿಡಿಯಲ್ಲ, ಅದಕ್ಕೆ ದುಡ್ಡು ಸುರಿಯೋದು ವೇಸ್ಟ್.

ಕೈ, ಪಾದಕ್ಕೇ ಮೀಸಲಾದ ಇನ್ನೊಂದಿದೆ, ಪಾಂಫೋಲಿಕ್ಸ್ ಅಥವಾ ಡಿಸ್‌ಹೈಡ್ರೋಟಿಕ್ ಎಕ್ಸಿಮಾ. ಬೆರಳುಗಳ ಪಕ್ಕದಲ್ಲಿ, ಅಂಗೈ ಮತ್ತು ಅಂಗಾಲಲ್ಲಿ ಚರ್ಮದ ಒಳಗೆ ಬೆಂದ ಸಾಬಕ್ಕಿ ಕಾಳು ಹೂತಿಟ್ಟ ಹಾಗೆ ನೀರ್ಗುಳ್ಳೆ ಬರತ್ತೆ, ಭಯಂಕರ ಕೆರೆತ, ಒಂದೊಂದ್ಸಲ ಗುಳ್ಳೆ ಕಾಣೋಕೆ ಮುಂಚೆನೇ ಉರಿ ಶುರು. ಎರಡು ಮೂರು ವಾರದಲ್ಲಿ ಒಣಗಿ ಸಿಪ್ಪೆ ಏಳತ್ತೆ, ಆಮೇಲೆ ಬಿರುಕು. ಟೆನ್ಶನ್, ಬೆವರು, ನಿಕ್ಕೆಲ್ ಇವೆಲ್ಲ ಕೆದಕತ್ತೆ. ಗುಳ್ಳೆ ಚುಚ್ಚಿ ಒಡೆಯೋಕೆ ಹೋಗ್ಬೇಡಿ. ಅಂಗೈ ಚರ್ಮ ದಪ್ಪ ಆದ್ದರಿಂದ ಇಲ್ಲಿ ಸೌಮ್ಯ ಕ್ರೀಮ್ ಏನೂ ಕಿಸಿಯಲ್ಲ, ಡಾಕ್ಟರ್ ಸ್ಟ್ರಾಂಗ್ ಸ್ಟಿರಾಯ್ಡ್ ಕ್ರೀಮ್ ಬರೆದ್ರೆ ಗಾಬರಿ ಬೇಡ. ಒಂದು ಟಿಪ್: ಒಂದೇ ಅಂಗೈ ಒಣಗಿ ಹುಡಿ ಹುಡಿ ಉದುರ್ತಿದ್ರೆ ನಿಮ್ಮ ಪಾದ ನೋಡ್ಕೊಳ್ಳಿ, ಎರಡೂ ಪಾದ ಒಂದು ಕೈ ಅನ್ನೋ ಲೆಕ್ಕದಲ್ಲಿ ಬಂದಿದ್ರೆ ಅದು ಎಕ್ಸಿಮಾ ಅಲ್ಲ, ಫಂಗಸ್.

ತಲೆ ಹೊಟ್ಟು, ಹುಬ್ಬಿನೊಳಗೆ ಹೊಟ್ಟು, ಮೂಗಿನ ಪಕ್ಕದ ಮಡಿಕೆಯಲ್ಲಿ ಎಣ್ಣೆ ಎಣ್ಣೆ ಹಳದಿ ಪದರ, ಕಿವಿ ಹಿಂದೆ, ಎದೆ ಮಧ್ಯೆ, ಇದು ಸೆಬೊರಿಕ್ ಡರ್ಮಟೈಟಿಸ್. ಎಣ್ಣೆ ಗ್ರಂಥಿ ಜಾಸ್ತಿ ಇರೋ ಕಡೆ ಬರತ್ತೆ, ಎಲ್ಲರ ಚರ್ಮದ ಮೇಲೂ ಇರೋ ಮಲಸೀಸಿಯಾ ಅನ್ನೋ ಯೀಸ್ಟ್ ಇದರಲ್ಲಿ ಪಾಲುದಾರ. ಅದಕ್ಕೇ ಇಲ್ಲಿ ಬರೀ ಮಾಯಿಶ್ಚರೈಸರ್ ಸಾಲಲ್ಲ, ಕೀಟೋಕೊನಜೋಲ್ 2% ಶಾಂಪೂ ವಾರಕ್ಕೆ ಎರಡು ಸಲ, ನಾಲ್ಕು ವಾರದ ತನಕ. ಹಚ್ಚಿ ಕೂಡಲೇ ತೊಳೆದ್ರೆ ಶಾಂಪೂ ದಂಡ, ಐದು ನಿಮಿಷ ತಲೆ ಮೇಲೆ ಬಿಡಿ, ಕೂದಲಿಗಲ್ಲ ಬುಡಕ್ಕೆ. ಹುಬ್ಬಿಗೂ ಅದೇ ನೊರೆ ಸವರಬಹುದು ಕಣ್ಣಿಗೆ ಹೋಗದ ಹಾಗೆ. ತಲೆ ಹೊಟ್ಟಿಗೆ ಅಂತ ಎಣ್ಣೆ ಮೆತ್ತಿ ರಾತ್ರಿಯೆಲ್ಲ ಬಿಡೋದು ಈ ಯೀಸ್ಟಿಗೆ ಊಟ ಹಾಕಿದ ಹಾಗೆ. ಹಸುಗೂಸಿನ ತಲೆ ಮೇಲೆ ಕೂರೋ ಹಳದಿ ಹಕ್ಕಳೆ ಇದೇ ಜಾತಿಯದ್ದು, ಅದಕ್ಕೆ ಕಿತ್ತು ತೆಗೆಯೋ ಅವಸರ ಬೇಡ, ಸ್ವಲ್ಪ ಮೆತ್ತಗೆ ಮಾಡಿ ಬೇಬಿ ಶಾಂಪೂ ಹಾಕಿ ತೊಳೆದು ಮೃದು ಬ್ರಷ್ ಆಡಿಸಿದ್ರೆ ಕೆಲವು ತಿಂಗಳಲ್ಲಿ ತಾನೇ ಹೋಗತ್ತೆ.

ಕೈಕಾಲಿನ ಮೇಲೆ ನಾಣ್ಯದ ಥರ ದುಂಡಗೆ ಬಂದ್ರೆ ನಮ್ಯುಲರ್ ಅಥವಾ ಡಿಸ್ಕಾಯ್ಡ್ ಎಕ್ಸಿಮಾ ಇರಬಹುದು, ಹುಳಕಡ್ಡಿನೂ ಇರಬಹುದು, ಇಲ್ಲೇ ಎಲ್ಲರೂ ಎಡವೋದು. ಹುಳಕಡ್ಡಿಯಲ್ಲಿ ಅಂಚು ಎದ್ದಿರತ್ತೆ, ಮಧ್ಯೆ ತಿಳಿಯಾಗ್ತಾ ಬರತ್ತೆ, ಸುತ್ತು ದಿನೇ ದಿನೇ ಅಗಲ ಆಗತ್ತೆ. ಡಿಸ್ಕಾಯ್ಡ್‌ನಲ್ಲಿ ಮಧ್ಯದಿಂದ ಅಂಚಿನವರೆಗೂ ಒಂದೇ ಸಮ ರಸಿಕೆ, ಹಕ್ಕಳೆ. ಆದ್ರೂ ನೋಡಿ ಮಾತ್ರ ಹೇಳೋದು ಕಷ್ಟ, ಅಂಚನ್ನ ಸ್ವಲ್ಪ ಕೆರೆದು ಕೆಒಎಚ್ ಅನ್ನೋ ದ್ರಾವಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡೋ ಟೆಸ್ಟ್ ಸುಲಭದ್ದು, ಕೇಳಿ ಮಾಡಿಸ್ಕೊಳ್ಳಿ. ಅನುಮಾನ ಇರೋವಾಗ ಸ್ಟಿರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಸೇರಿಸಿದ ಕ್ರೀಮ್ ಹಚ್ಚೋದಿದೆಯಲ್ಲ, ಅದು ಎರಡೂ ಕಡೆ ಕೆಡಿಸತ್ತೆ. ಹುಳಕಡ್ಡಿ ಇದ್ರೆ ಸ್ಟಿರಾಯ್ಡಿನ ನೆರಳಲ್ಲಿ ಫಂಗಸ್ ಹಾಯಾಗಿ ಹರಡತ್ತೆ, ಆಕಾರ ಬದಲಾಗಿ ಆಮೇಲೆ ಡಾಕ್ಟರಿಗೂ ಗುರುತು ಸಿಗಲ್ಲ. ಎಕ್ಸಿಮಾ ಆಗಿದ್ರೆ ಅದರಲ್ಲಿರೋ ಮಿಕ್ಕ ಎರಡು ಔಷಧಿ ಸುಮ್ನೆ ಹೆಚ್ಚುವರಿ, ಆ ಔಷಧಿಗಳಿಗೇ ಅಲರ್ಜಿ ಬೆಳೀಬಹುದು.

ಮೊಣಕಾಲಿನಿಂದ ಕೆಳಗೆ ಬಂದ್ರೆ ವಯಸ್ಸು ಕೇಳ್ಬೇಕು. ವಯಸ್ಸಾದವರ ಮುಂಗಾಲಲ್ಲಿ ಚರ್ಮ ಒಣಗಿ ಬಲೆ ಬಲೆಯಾಗಿ ತೆಳು ಬಿರುಕು ಬಿಟ್ಟಿದ್ರೆ ಅದು ಬರೀ ಒಣಚರ್ಮದ ಎಕ್ಸಿಮಾ, ಬಿಸಿನೀರಿನ ಸ್ನಾನ ಮತ್ತು ಸೋಪು ಕಮ್ಮಿ ಮಾಡಿ ದಿನಾ ದಪ್ಪಗೆ ಮುಲಾಮು ಹಚ್ಚಿದ್ರೆ ಅರ್ಧಕ್ಕರ್ಧ ಹೋಗತ್ತೆ. ಆದ್ರೆ ಹಿಮ್ಮಡಿ ಗಂಟಿನ ಒಳಪಕ್ಕ ಕಂದು ಬಣ್ಣ, ಸಂಜೆ ಹೊತ್ತಿಗೆ ಊತ, ಉಬ್ಬಿದ ರಕ್ತನಾಳ, ಅದರ ಮೇಲೆ ಕೆರೆತ ಇದ್ರೆ ಸ್ಟಾಸಿಸ್ ಎಕ್ಸಿಮಾ. ರಕ್ತ ಮೇಲೆ ಹೋಗದೆ ಅಲ್ಲೇ ನಿಂತು ಬರೋದು ಇದು, ಕ್ರೀಮ್ ಇಲ್ಲಿ ಬರೀ ಪಕ್ಕವಾದ್ಯ. ಕಾಲು ಎದೆಗಿಂತ ಎತ್ತರಕ್ಕಿಟ್ಟು ಮಲಗೋದು, ನಡೆಯೋದು, ಕಂಪ್ರೆಶನ್ ಸ್ಟಾಕಿಂಗ್ ಹಾಕೋದು, ಇವೇ ಮುಖ್ಯ ಚಿಕಿತ್ಸೆ. ಸ್ಟಾಕಿಂಗ್ ಮಾತ್ರ ನೀವಾಗೇ ತಂದು ಹಾಕ್ಬೇಡಿ, ಕಾಲಿಗೆ ರಕ್ತ ತರೋ ಅಪಧಮನಿ ಸರಿ ಇದೆಯಾ ಅಂತ ನೋಡಿಸ್ಲೇಬೇಕು, ಅದು ಕಟ್ಕೊಂಡಿದ್ರೆ ಬಿಗಿ ಪಟ್ಟಿ ಕಾಲಿಗೇ ಕುತ್ತು. ಬೆಳಿಗ್ಗೆ ಎದ್ದ ಕೂಡಲೇ ಊತ ಏರೋಕೆ ಮುಂಚೆ ಹಾಕ್ಬೇಕು. ಈ ಕಾಲುಗಳಿಗೆ ನಿಯೋಮೈಸಿನ್ ಇರೋ ಆಂಟಿಬಯಾಟಿಕ್ ಮುಲಾಮಿನ ಅಲರ್ಜಿ ಬರೋದು ಜಾಸ್ತಿ, ತೋಚಿದ್ದೆಲ್ಲ ಹಚ್ಬೇಡಿ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂಗೆ ಊದಿ ನೋವಾದ್ರೆ ಅಥವಾ ಜ್ವರ ಬಂದು ಕಾಲು ಬಿಸಿಯಾಗಿ ಕೆಂಪಾದ್ರೆ ಎಕ್ಸಿಮಾ ಅಂತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೇದು ಕೆರೆದೂ ಕೆರೆದೂ ಆಗೋದು, ನ್ಯೂರೋಡರ್ಮಟೈಟಿಸ್ ಅಂತಾರೆ. ಕತ್ತಿನ ಹಿಂದೆ, ಹಿಮ್ಮಡಿ ಗಂಟು, ಮುಂಗೈ, ಗುಪ್ತಾಂಗದ ಹತ್ತಿರ, ಅಂದ್ರೆ ಕೈಗೆ ಸುಲಭವಾಗಿ ಎಟುಕೋ ಜಾಗದಲ್ಲಿ ಒಂದೇ ಒಂದು ಕಡೆ ಚರ್ಮ ದಪ್ಪ ಆಗಿ ಗೆರೆಗಳು ಎದ್ದು ಕಾಣತ್ತೆ. ಟಿವಿ ನೋಡ್ತಾ, ಓದ್ತಾ ಗೊತ್ತಿಲ್ದೇ ಕೈ ಅಲ್ಲಿಗೆ ಹೋಗತ್ತೆ. ಇಲ್ಲಿ ಔಷಧಿ ಅಂದ್ರೆ ಕೈ ತಡೆಯೋದು: ಹಚ್ಚಿ ಮೇಲೆ ಬ್ಯಾಂಡೇಜ್ ಸುತ್ತಿ, ಉಗುರು ಗಿಡ್ಡ ಇಡಿ, ಕೆರೆತ ಬಂದಾಗ ಒದ್ದೆ ತಣ್ಣನೆ ಬಟ್ಟೆ ಒತ್ತಿ. ಕೆರೀಬೇಡ ಅಂತ ಹೇಳೋದ್ರಿಂದ ಯಾರ ಕೆರೆತವೂ ನಿಂತಿಲ್ಲ, ಮನೆಯವರು ಗಮನಿಸಿ.

ಇನ್ನು ಎಕ್ಸಿಮಾ ಥರ ಕಂಡು ಎಕ್ಸಿಮಾ ಅಲ್ಲದ್ದು. ರಾತ್ರಿ ಮಾತ್ರ ವಿಪರೀತ ಕೆರೆತ, ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಕೆರೆತ ಅಂದ್ರೆ ಅದು ಹುಳು ಕಜ್ಜಿ, ಸ್ಕೇಬಿಸ್, ಎಲ್ಲರೂ ಒಟ್ಟಿಗೆ ಔಷಧಿ ಹಚ್ಬೇಕು. ಮೊಣಕೈ ಹೊರಗೆ, ಮಂಡಿ ಮೇಲೆ ದಪ್ಪ ಬೆಳ್ಳಿ ಬಣ್ಣದ ಪದರ, ಅಂಚು ಸ್ಪಷ್ಟ ಇದ್ರೆ ಸೋರಿಯಾಸಿಸ್. ಮೊಲೆತೊಟ್ಟಿನಲ್ಲಿ ಒಂದೇ ಕಡೆ ಹುಣ್ಣು ಥರ ಆಗಿ ವಾರಗಟ್ಟಲೆ ಹೋಗದೆ ಇದ್ರೆ ನಾಚಿಕೆ ಬಿಟ್ಟು ತೋರಿಸಿ, ಅಪರೂಪಕ್ಕೆ ಅದು ಕ್ಯಾನ್ಸರ್ ಗುರುತು, ಚೂರು ಚರ್ಮ ತೆಗೆದು ಪರೀಕ್ಷಿಸೋ ಬಯಾಪ್ಸಿ ಮಾಡ್ಬೇಕಾಗತ್ತೆ.

ಚಿಕಿತ್ಸೆಗೆ ಬರೋಣ. ಬಹುತೇಕ ಎಲ್ಲಾ ಬಗೆಗೂ ತಳಪಾಯ ಮಾಯಿಶ್ಚರೈಸರ್, ಮತ್ತೆ ಬಹುತೇಕ ಎಲ್ಲರೂ ಹಚ್ಚೋದು ಕಮ್ಮಿ. ಮೈತುಂಬ ಎಕ್ಸಿಮಾ ಇರೋ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕು, ಅಂದ್ರೆ ಚಿಕ್ಕ ಟ್ಯೂಬ್ ಎರಡು ತಿಂಗಳು ಬಂತು ಅಂದ್ರೆ ನೀವು ಹಚ್ತಾನೇ ಇಲ್ಲ ಅಂತ ಅರ್ಥ. ಲೋಷನ್‌ಗಿಂತ ಕ್ರೀಮ್, ಕ್ರೀಮ್‌ಗಿಂತ ಆಯಿಂಟ್‌ಮೆಂಟ್ ಹೆಚ್ಚು ಹೊತ್ತು ನಿಲ್ಲತ್ತೆ. ಪರಿಮಳ ಇಲ್ಲದ್ದು ತಗೊಳ್ಳಿ, ಸಾದಾ ಪೆಟ್ರೋಲಿಯಂ ಜೆಲ್ಲಿ ಅಂಟಂಟು ಅಂತ ಬೈಸ್ಕೊಂಡ್ರೂ ಕೆಲಸ ಮಾಡತ್ತೆ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷ, ಸೋಪ್ ಬದಲು ಸೋಪ್ ಇಲ್ಲದ ಕ್ಲೆನ್ಸರ್, ಟವೆಲ್ಲಲ್ಲಿ ಉಜ್ಜದೆ ಒತ್ತಿ ಒರೆಸ್ಕೊಂಡು ಮೈ ಇನ್ನೂ ಹಸಿ ಇರೋವಾಗಲೇ ಕೂದಲು ಇರೋ ದಿಕ್ಕಿಗೇ ಸವರಿ, ತಿಕ್ಕಬೇಡಿ. ಡಬ್ಬಿಯಿಂದ ತೆಗೆಯೋದಾದ್ರೆ ಚಮಚ ಬಳಸಿ, ಬೆರಳು ಅದ್ದಿದ್ರೆ ಬ್ಯಾಕ್ಟೀರಿಯಾ ಒಳಗೆ ಸೇರತ್ತೆ. ಯೂರಿಯಾ ಇರೋ ಕ್ರೀಮ್ ದಪ್ಪ ಚರ್ಮಕ್ಕೆ ಒಳ್ಳೇದು, ಒಡೆದ ಚರ್ಮಕ್ಕೆ ಬೆಂಕಿ ಉರಿ. ಬೆಂಕಿ ಅಂದಾಗ ನೆನಪಾಯ್ತು, ಜಿಡ್ಡು ಮುಲಾಮು ಹೀರಿದ ಬಟ್ಟೆಗೆ ಬೆಂಕಿ ಬೇಗ ಹೊತ್ಕೊಳ್ಳತ್ತೆ, ಒಲೆ ಹತ್ರ, ಸಿಗರೇಟ್ ಹತ್ರ ಹುಷಾರು.

ಸ್ಟಿರಾಯ್ಡ್ ಕ್ರೀಮ್ ವಿಷಯದಲ್ಲಿ ಜನ ಎರಡು ಪಂಗಡ, ಹೆದರಿ ಮುಟ್ಟದೇ ಇರೋರು ಮತ್ತೆ ವರ್ಷಗಟ್ಟಲೆ ಮುಖಕ್ಕೆ ಪೌಡರ್ ಥರ ಹಚ್ಚೋರು. ಇಬ್ಬರದ್ದೂ ತಪ್ಪು. ಶಕ್ತಿ ನೋಡಿ ಜಾಗ ನೋಡಿ ಬಳಸಿದ್ರೆ ಇದಕ್ಕಿಂತ ಒಳ್ಳೆ ಮೊದಲ ಔಷಧಿ ಇನ್ನೂ ಇಲ್ಲ. ಹೈಡ್ರೋಕಾರ್ಟಿಸೋನ್ 1% ಸೌಮ್ಯ, ಮುಖ, ಕತ್ತು, ಸಂದಿಗಳಿಗೆ, ಮಕ್ಕಳಿಗೆ. ಮೊಮೆಟಾಸೋನ್, ಬೀಟಾಮೆಥಾಸೋನ್ ಸ್ಟ್ರಾಂಗ್, ಕೈಕಾಲು ಮೈಗೆ. ಕ್ಲೊಬೆಟಾಸಾಲ್ ಎಲ್ಲಕ್ಕಿಂತ ಸ್ಟ್ರಾಂಗ್, ಅಂಗೈ ಅಂಗಾಲು ಮತ್ತು ದಪ್ಪಗಟ್ಟಿದ ಚರ್ಮಕ್ಕೆ ಮಾತ್ರ, ಕೆಲವೇ ವಾರ, ಅದೂ ಡಾಕ್ಟರ್ ಬರೆದ್ರೆ. ಅಳತೆ ಹೀಗೆ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿ, ಅದು ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈ ಬೆರಳು ಸಮೇತ ಎಷ್ಟಾಗತ್ತೋ ಅಷ್ಟು ಜಾಗಕ್ಕೆ ಸಾಕು. ದೊಡ್ಡವರ ಒಂದು ತೋಳಿಗೆ ಇಂಥ ಮೂರು, ಒಂದು ಕಾಲಿಗೆ ಆರು. ದಿನಕ್ಕೆ ಒಂದು ಸಲ ಸಾಕಾಗತ್ತೆ ಸಾಮಾನ್ಯವಾಗಿ, ಮಾಯಿಶ್ಚರೈಸರ್‌ಗೂ ಇದಕ್ಕೂ ಮಧ್ಯೆ ಒಂದು ಇಪ್ಪತ್ತು ನಿಮಿಷ ಬಿಡಿ.

ಮುಖ್ಯವಾದ್ದು ನಿಲ್ಲಿಸೋ ಹೊತ್ತು. ಕೆರೆತ ನಿಂತಾಗ ಅಲ್ಲ, ಕಣ್ಣು ಮುಚ್ಚಿ ಸವರಿದಾಗ ಪಕ್ಕದ ಚರ್ಮಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗದೇ ಇದ್ದಾಗ ನಿಲ್ಲಿಸಿ. ಅದೇ ಜಾಗದಲ್ಲಿ ಪದೇ ಪದೇ ಬರೋರಿಗೆ, ವಾಸಿಯಾದ ಮೇಲೂ ವಾರದಲ್ಲಿ ಎರಡು ದಿನ ಅಲ್ಲೇ ಹಚ್ಚೋ ಪದ್ಧತಿ ಇದೆ, ಡಾಕ್ಟರನ್ನ ಕೇಳಿ. ತಪ್ಪಾಗಿ ಬಳಸಿದ್ರೆ ಚರ್ಮ ತೆಳು ಆಗತ್ತೆ, ಸಂದಿಗಳಲ್ಲಿ ಗೆರೆ ಬೀಳತ್ತೆ, ಬಾಯಿ ಸುತ್ತ ಮೊಡವೆ, ಕಣ್ಣ ಹತ್ರ ಹಚ್ತಾ ಇದ್ರೆ ಕಣ್ಣಿನ ಒತ್ತಡ ಏರಬಹುದು. ರೆಪ್ಪೆ, ಮುಖಕ್ಕೆ ಬಹಳ ದಿನ ಬೇಕು ಅಂದ್ರೆ ಟ್ಯಾಕ್ರೋಲಿಮಸ್ ಅಥವಾ ಪಿಮೆಕ್ರೋಲಿಮಸ್ ಅನ್ನೋ, ಸ್ಟಿರಾಯ್ಡ್ ಅಲ್ಲದ ಹಚ್ಚೋ ಔಷಧಿ ಇದೆ, ಚರ್ಮ ತೆಳು ಮಾಡಲ್ಲ. ಮೊದಲ ಕೆಲವು ದಿನ ಉರಿಯತ್ತೆ, ಅಲರ್ಜಿ ಅಂತ ಬಿಸಾಕ್ಬೇಡಿ, ಕಡಿಮೆ ಆಗತ್ತೆ. ಕೆರೆತಕ್ಕೆ ಅಲರ್ಜಿ ಮಾತ್ರೆ ನುಂಗೋರು ಬಹಳ, ಆದ್ರೆ ಈ ಕೆರೆತಕ್ಕೆ ಆ ಮಾತ್ರೆ ತಡೆಯೋ ಹಿಸ್ಟಮಿನ್ ಅನ್ನೋ ರಾಸಾಯನಿಕ ಮುಖ್ಯ ಕಾರಣ ಅಲ್ಲ, ನಿದ್ದೆ ಬರೋ ಮಾತ್ರೆ ನಿದ್ದೆ ಕೊಡತ್ತೆ ಅಷ್ಟೇ. ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್ ಮ್ಯಾಜಿಕ್ ಥರ ಕೆಲಸ ಮಾಡಿ ನಿಲ್ಲಿಸಿದ ಮೇಲೆ ಎರಡರಷ್ಟಾಗಿ ವಾಪಸ್ ಬರೋದುಂಟು. ಹಚ್ಚೋದಕ್ಕೆ ಬಗ್ಗದೇ ಇದ್ರೆ ಲೈಟ್ ಥೆರಪಿ, ರೋಗನಿರೋಧಕ ಶಕ್ತಿ ತಗ್ಗಿಸೋ ಮೆಥೊಟ್ರೆಕ್ಸೇಟ್, ಸೈಕ್ಲೋಸ್ಪೋರಿನ್, 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಡುಪಿಲುಮ್ಯಾಬ್ ಇಂಜೆಕ್ಷನ್, ಹೀಗೆ ದಾರಿಗಳಿವೆ, ಎಲ್ಲಾ ಸ್ಕಿನ್ ಸ್ಪೆಷಲಿಸ್ಟ್ ಕೈಯಲ್ಲೇ.

ಆಹಾರ ಬಿಡೋ ವಿಷಯ: ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಆಹಾರದ ಅಲರ್ಜಿ ಜೊತೆಗಿರತ್ತೆ ನಿಜ, ಆದ್ರೆ ಯಾರೋ ಹೇಳಿದ್ರು ಅಂತ ಹಾಲು ಮೊಟ್ಟೆ ಎಲ್ಲಾ ಬಿಡಿಸಿದ್ರೆ ಮಗು ಸೊರಗತ್ತೆ, ಎಕ್ಸಿಮಾ ಅಲ್ಲೇ ಇರತ್ತೆ. ಯಾವುದಾದ್ರೂ ತಿಂದ ಸ್ವಲ್ಪ ಹೊತ್ತಲ್ಲೇ ದದ್ದು, ವಾಂತಿ, ತುಟಿ ಊತ ಬಂದಿದ್ರೆ ಅದನ್ನ ಬರೆದಿಟ್ಟು ಡಾಕ್ಟರಿಗೆ ಹೇಳಿ. ತುಟಿ, ನಾಲಿಗೆ ಊದಿ ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಬರ್ಕೊಳ್ತಾ ಕೂರೋ ಹೊತ್ತಲ್ಲ ಅದು, ಕೂಡಲೇ ಎಮರ್ಜೆನ್ಸಿಗೆ ಓಡಿ.

ಕಾಯಬಾರದ ಇನ್ನೆರಡು ಸಂದರ್ಭ ಇದೆ. ಇದ್ದಕ್ಕಿದ್ದಂಗೆ ರಸಿಕೆ ಜಾಸ್ತಿ ಆಗಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ರೆ, ಕೀವು, ನೋವು, ಜ್ವರ ಬಂದ್ರೆ ಬ್ಯಾಕ್ಟೀರಿಯಾ ಸೇರಿದೆ ಅಂತ, ಅದಕ್ಕೆ ಬೇರೆ ಔಷಧಿ ಬೇಕು. ಇನ್ನೊಂದು ಇದಕ್ಕಿಂತ ಅಪಾಯ, ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಒಡೆದು, ಚರ್ಮಕ್ಕೆ ಪಂಚ್ ಹೊಡೆದ ಹಾಗೆ ದುಂಡು ದುಂಡು ಹುಣ್ಣಾಗಿ, ಕೆರೆತಕ್ಕಿಂತ ನೋವು ಜಾಸ್ತಿ, ಜ್ವರ, ಮಗು ಮಂಕು. ಇದು ಹರ್ಪಿಸ್ ವೈರಸ್ ಎಕ್ಸಿಮಾ ಮೇಲೆ ಹರಡಿರೋದು, ಅದೇ ದಿನ ಆಸ್ಪತ್ರೆಗೆ ಹೋಗ್ಬೇಕು, ಕಣ್ಣಿನ ಹತ್ರ ಇದ್ರೆ ರಾತ್ರಿ ಅಂತನೂ ನೋಡ್ಬೇಡಿ. ತುಟಿ ಮೇಲೆ ಜ್ವರದ ಗುಳ್ಳೆ ಎದ್ದಿರೋರು ಎಕ್ಸಿಮಾ ಇರೋ ಮಗೂಗೆ ಮುತ್ತು ಕೊಡಬಾರದು ಅಂತ ಹೇಳೋದು ಇದಕ್ಕೇ.

ಡಾಕ್ಟರ್ ಹತ್ರ ಹೋಗೋವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲಾ ಟ್ಯೂಬ್, ಮನೇಲಿ ಮಾಡಿದ್ದು ಸೇರಿ, ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಫೋಟೋ ತೋರಿಸಿ, ಮುಖಕ್ಕೆ ಯಾವುದು ಮೈಗೆ ಯಾವುದು ಅಂತ ಕೇಳಿ ಟ್ಯೂಬಿನ ಮೇಲೇ ಪೆನ್ನಲ್ಲಿ ಬರೆಸ್ಕೊಂಡು ಬನ್ನಿ.